ತಳ ನೋಡುವ ಕೋಲು

ಪಾಸ್ಟರು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದರೆ ಅವರ ಕಾಲುಗಳು ಕೊಕ್ಕರೆಯ ಕಾಲಿನಂತೆ ಕಾಣುತ್ತಿದ್ದವು. ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಕೆರೆಯ ತಳದ ಕಲ್ಲೊಂದು ಯಾವಾಗಲೋ ಅದನ್ನು ಕಿತ್ತುಕೊಂಡಿತ್ತು. ಕೈಯಲ್ಲಿ ಅವರಿಗಿಂತ ಎತ್ತರದ ಬಿದಿರಿನ ಕೋಲು. ಅದನ್ನು ಊರುತ್ತ, ಒತ್ತುತ್ತ, ಎತ್ತಿ ತುದಿಗೆ ಹತ್ತಿದ ಕೆಸರನ್ನು ಬೆರಳಲ್ಲಿ ತಿಕ್ಕಿ ನೋಡುತ್ತ ನೀರಿಗೆ ಇಳಿಯುತ್ತಿದ್ದರು. ಅವರನ್ನು ನೆನೆದರೆ ನನಗೆ ಮೊದಲು ಕಾಣುವುದು ಇದೇ.

ನಮ್ಮದು ಬ್ಯಾಪ್ಟಿಸ್ಟ್ ಸಭೆ. ಕೂಸಿನ ತಲೆಗೆ ನೀರು ಚಿಮುಕಿಸುವ ಪದ್ಧತಿ ನಮ್ಮಲ್ಲಿಲ್ಲ. ಬುದ್ಧಿ ಬಂದವರು ತಾವಾಗಿ ಕೇಳಿಕೊಂಡು, ಎಲ್ಲರ ಮುಂದೆ ತಮ್ಮ ನಂಬಿಕೆಯ ಸಾಕ್ಷಿ ಹೇಳಬೇಕು. ಸಭೆಯವರು ಕೈ ಎತ್ತಿ ಒಪ್ಪಿದ ಮೇಲೆ ಕೆರೆಯಲ್ಲಿ ಪೂರ್ತಿ ಮುಳುಗಿ ಏಳಬೇಕು. ಅದೇ ದೀಕ್ಷಾಸ್ನಾನ. ಕೊಟ್ಟೂರು ಕಡೆಯ ನಮ್ಮ ಹಳ್ಳಿಯ ಕೆರೆ ಬೇಸಿಗೆಯಲ್ಲಿ ಬತ್ತುತ್ತದೆ. ಆಗ ರೈತರು ಟ್ರ್ಯಾಕ್ಟರ್ ತಂದು ಹೂಳನ್ನು ಹೊಲಕ್ಕೆ ಹೊಡೆಯುತ್ತಾರೆ. ಯಾರು ಎಲ್ಲಿ ಎಷ್ಟು ಆಳ ತೋಡಿದರೆಂಬುದು ನೀರು ಬಂದ ಮೇಲೆ ತಿಳಿಯುವುದಿಲ್ಲ. ಹಾಗಾಗಿ ಪ್ರತಿ ದೀಕ್ಷಾಸ್ನಾನಕ್ಕೂ ಮುಂಚೆ ಪಾಸ್ಟರು ತಳ ನೋಡುತ್ತಿದ್ದರು. "ಕೆರಿ ಅದ ಇರತೈತಿ, ತಳ ಅದ ಇರಂಗಿಲ್ಲ" ಎನ್ನುವುದು ಅವರ ಮಾತು.

ಅನುಮಾನ ಅವರಿಗೆ ಹುಟ್ಟುಗುಣ. ಯಾರ ಮನೆಗೆ ಹೋದರೂ ಕುರ್ಚಿಯನ್ನು ಅಂಗೈಯಿಂದ ಒತ್ತಿ ನೋಡಿಯೇ ಕೂರುತ್ತಿದ್ದರು. ಕೂಡ್ಲಿಗಿಯಲ್ಲಿ ಒಮ್ಮೆ ಅವರ ಜೊತೆ ಬಸ್ಸು ಹತ್ತಿದ್ದೆ. ಹತ್ತುವ ಮುಂಚೆ ಕೇಳಿದರು, ಕೂತ ಮೇಲೆ ಮತ್ತೆ ಕೇಳಿದರು, "ಕೊಟ್ಟೂರಿಗಿ ಹೋಗತೈತೇನ್ರಿ?"

"ಬೋರ್ಡ್ ಕಾಣಸಂಗಿಲ್ಲೇನ್ರಿ ಯಜಮಾನ್ರ?" ಎಂದ ಕಂಡಕ್ಟರ್.

"ಬೋರ್ಡ್ ಕಾಣಸತೈತಿ. ಡ್ರೈವರ್ ಮನಸಿನ್ಯಾಗ ಏನೈತಿ ಅನ್ನೋದು ಕಾಣಸಂಗಿಲ್ಲ."

ಬಸ್ಸೆಲ್ಲ ನಕ್ಕಿತು. ಅವರು ಮಾತ್ರ ನಗಲಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಗೆ ಉಜ್ಜೀವನ ತಂಡವೊಂದು ಬಂತು. ಹೊರಗಿನವರಲ್ಲ, ನಮ್ಮ ಬ್ಯಾಪ್ಟಿಸ್ಟರೇ. ತಣ್ಣಗಾದ ಸಭೆಗಳಿಗೆ ಹೊಸ ಜೀವ ತುಂಬುತ್ತೇವೆಂದು ಹಗರಿಬೊಮ್ಮನಹಳ್ಳಿಯಲ್ಲಿ ಶಾಮಿಯಾನ ಹಾಕಿ ಕೂಟ ನಡೆಸಿದರು. ಕುಡಿದು ಕುಡಿದು ಹೆಂಡತಿಯನ್ನು ತವರಿಗೆ ಅಟ್ಟಿದ್ದ ನನ್ನ ತಮ್ಮ ಆ ಕೂಟಕ್ಕೆ ಹೋದವನು ಅತ್ತುಕೊಂಡು ಬಂದ. ಅಂದಿನಿಂದ ಬಾಟಲಿ ಮುಟ್ಟಲಿಲ್ಲ. ನಾನು ಖುಷಿಯಿಂದ ಓಡಿಹೋಗಿ ಪಾಸ್ಟರಿಗೆ ಹೇಳಿದೆ.

"ಭಾಳ ಚಲೋ ಆತು ಬಿಡವ್ವ," ಎಂದರು. ಹಿಂದೆಯೇ, "ಸುಗ್ಗಿ ಮುಗೀಲಿ, ಕೈಯಾಗ ರೊಕ್ಕ ಆಡ್ಲಿ. ಆಗ ನೋಡೋಣು" ಎಂದರು.

ನನಗೆ ಸಿಟ್ಟು ಬಂತು. ದೇವರ ಸೇವಕರಿಗೆ ದೇವರ ಕೆಲಸದ ಮೇಲೂ ಅನುಮಾನವೇ ಎಂದು ಒಂದೆರಡು ವಾರ ಅವರ ಜೊತೆ ಮಾತು ಬಿಟ್ಟಿದ್ದೆ.

ಅವರ ಅನುಮಾನಕ್ಕೆ ಕಾರಣವಿತ್ತು. ಅವರು ಹರೆಯದಲ್ಲಿ ಹರಪನಹಳ್ಳಿ ಕಡೆಯ ಸಭೆಯೊಂದರಲ್ಲಿದ್ದಾಗ ಇಂಥದೇ ಉಜ್ಜೀವನ ಬಂದಿತ್ತಂತೆ. ಎಲ್ಲರಿಗಿಂತ ಮುಂಚೆ ಕೈ ಎತ್ತಿ ಕುಣಿದವರು ಇವರೇ. ಬರುಬರುತ್ತ ಸಭೆ ಎರಡಾಯಿತು. ಒಂದು ಗುಂಪು ದೇವಾಲಯಕ್ಕೆ ಬೀಗ ಹಾಕಿತು; ಅದರ ಮೇಲೆ ಇನ್ನೊಂದು ಗುಂಪು ತನ್ನ ಬೀಗ ಹಾಕಿತು. "ಒಂದ ಬಾಗಲಕ್ಕ ಎರಡು ಕೀಲಿ ಯವ್ವಾ. ಒಳಗ ಗುಬ್ಬಿ ಗೂಡು ಕಟ್ಟಿದ್ವು. ಸತ್ತೋರ್ನ ಹೊರಾಕೂ ಒಬ್ಬರ ಮನಿಗಿ ಒಬ್ಬರು ಹೋಗ್ಲಿಲ್ಲ" ಎಂದು ಹೇಳುವಾಗ ಅವರ ದನಿ ಸಣ್ಣದಾಗುತ್ತಿತ್ತು.

ತಂಡದ ಮುಖಂಡರು ನಮ್ಮ ಸಭೆಗೂ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಒಳ್ಳೆಯ ಕಂಠ. ನಿಮ್ಮ ಸಭೆ ನಮ್ಮ ತಂಡಕ್ಕೆ ಸೇರಲಿ, ಪಾಸ್ಟರನ್ನೂ ಬೋಧನೆಯನ್ನೂ ಇನ್ನು ಮೇಲೆ ನಾವೇ ಗೊತ್ತುಮಾಡುತ್ತೇವೆ ಎಂದರು. ಪಾಸ್ಟರು ಕೇಳಿದ್ದು ಒಂದೇ ಪ್ರಶ್ನೆ: "ಆಮ್ಯಾಲೆ ನಮ್ಮ ಮಂದಿ ಕೈ ಎತ್ತೋದು ಇರತೈತೋ ಇಲ್ಲೋ?"

"ಪವಿತ್ರಾತ್ಮನ ಕೆಲಸಕ್ಕೆ ಓಟು ಯಾಕೆ ಬೇಕು ಬ್ರದರ್?" ಎಂದು ಮುಖಂಡರು ನಕ್ಕರು.

"ಹಿಂದ ಕುಂತಾಳಲ್ರಿ ಆ ಮುದುಕಿ, ಪವಿತ್ರಾತ್ಮ ಆಕಿ ಜೋಡಿನೂ ಮಾತಾಡ್ತಾನ. ಆಕಿನ್ನ ಕೇಳೋದು ಬ್ಯಾಡೇನು?"

ಆ ಅಜ್ಜಿ ತಟ್ಟನೆ, "ನನಗ್ಯಾಕ ಕೇಳ್ತೀರಿ, ನನಗ ಕಿವಿನ ಕೇಳಸಂಗಿಲ್ಲ" ಎಂದಳು. ಮುಖಂಡರೂ ಸೇರಿ ಎಲ್ಲರೂ ನಕ್ಕೆವು. ತಾವು ಪಾಸ್ಟರಾಗಿ ಉಳಿಯುವ ಮಾತೂ ಆ ತೀರ್ಮಾನದಲ್ಲಿ ಇದೆಯೆಂದು ಅವರು ಎದ್ದು ಹೊರಗೆ ಬೇವಿನ ಗಿಡದ ಕೆಳಗೆ ಹೋಗಿ ಕೂತರು. ಒಳಗೆ ಕೈ ಎತ್ತಿದೆವು. ಸೇರುವುದು ಬೇಡವೆಂದವರೇ ಹೆಚ್ಚು, ಆದರೆ ಬಹಳ ಹೆಚ್ಚಲ್ಲ. ಮುಂದಿನ ಭಾನುವಾರದಿಂದ ಕೆಲವು ಮನೆಯವರು ಬರಲಿಲ್ಲ. ನನ್ನ ತಮ್ಮನೂ ಬರಲಿಲ್ಲ.

ಒಂದು ದಿನ ಅವನು ನನ್ನ ಮನೆಗೆ ಬಂದ. "ಅಕ್ಕಾ, ನಮ್ಮ ತಂಡದೋರು ಊರ ಕೆರ್‍ಯಾಗ ದೀಕ್ಷಾಸ್ನಾನ ಇಟ್ಕೊಂಡಾರ. ನಾನು ಮತ್ತೊಮ್ಮಿ ತಗೊಳ್ಳಾಕ ಹತ್ತೀನಿ, ನೀನೂ ತಗೋ. ಸತ್ತ ಸಭೆಯಾಗ ಮುಳುಗಿದ್ದು ಲೆಕ್ಕಕ್ಕಿಲ್ಲ. ಅದು ಬರೇ ಜಳಕ."

"ಅವ್ವಂದು?" ಎಂದೆ.

ನಮ್ಮವ್ವನಿಗೆ ಇದೇ ಕೆರೆಯಲ್ಲಿ ಇದೇ ಪಾಸ್ಟರು ದೀಕ್ಷಾಸ್ನಾನ ಕೊಟ್ಟಿದ್ದರು. ಅವ್ವ ತೀರಿಕೊಂಡು ಆಗಲೇ ಬಹಳ ದಿನಗಳಾಗಿದ್ದವು. ತಮ್ಮ ತನ್ನ ಕಾಲಿನ ಬೆರಳು ನೋಡುತ್ತ, "ಆಕಿಗೆ ಗೊತ್ತಿರ್ಲಿಲ್ಲ ಬಿಡು" ಎಂದ.

ಆ ಮಾತು ನನ್ನನ್ನು ತಿಂದುಬಿಟ್ಟಿತು. ನನ್ನದು ಜಳಕವಾದರೆ ಅವ್ವನದೂ ಜಳಕ. ಹಾಗಾದರೆ ಅವ್ವ ಈಗ ಎಲ್ಲಿದ್ದಾಳೆ? ನಾನು ಮತ್ತೆ ಮುಳುಗಿದರೆ ಅವಳನ್ನು ಹೊರಗೆ ನಿಲ್ಲಿಸಿ ಒಳಗೆ ಹೋದಂತೆ. ಮುಳುಗದಿದ್ದರೆ, ಅವರು ಹೇಳುವುದೇ ನಿಜವಾಗಿದ್ದರೆ? ಹೊಲಿಗೆ ಯಂತ್ರದ ಮುಂದೆ ಕೂತರೆ ಸೂಜಿಯ ಕೆಳಗೆ ಬಟ್ಟೆ ಎಲ್ಲೆಲ್ಲಿಗೋ ಹೋಗುತ್ತಿತ್ತು.

ಪಾಸ್ಟರು ಬಂದರು. ಕುರ್ಚಿ ಒತ್ತಿ ನೋಡಿ ಕೂತರು. ನಾನು ಎಲ್ಲ ಹೇಳಿಕೊಂಡೆ. ಬೈಯುತ್ತಾರೆ ಅಂದುಕೊಂಡಿದ್ದೆ.

"ನಿಮ್ಮವ್ವ ಸಾಕ್ಷಿ ಹೇಳುವಾಗ ಏನಂದ್ಲು ನೆನಪೈತೇನು?" ಎಂದು ಕೇಳಿದರು. ನನಗೆ ನೆನಪಿರಲಿಲ್ಲ. ಅವರಿಗಿತ್ತು. "ಎಲ್ಲಾರೂ ಉದ್ದಕ ಹೇಳಿದ್ರು. ಆಕಿ ಎದ್ದು ನಿಂತು, 'ನನಗ ಆತನ್ನ ಗಟ್ಟಿ ಹಿಡಿಯಾಕ ಬರಂಗಿಲ್ಲ, ಆತನ ನನ್ನ ಹಿಡಕೊಂಡಾನ' ಅಂದು ಕುಂತ್ಲು. ಸಭೆ ಪೂರಾ ಕೈ ಎತ್ತಿತು. ಹಿಡಕೊಂಡಾತ ಬಿಟ್ಟಾನ ಅಂತ ಯಾರು ಬಂದು ಹೇಳಿದ್ರು ನಿನಗ?"

ನಾನು ಅತ್ತೆ. ಅಳು ನಿಂತ ಮೇಲೆ ಅವರು ಏಳುತ್ತ, "ನಿನ್ನ ತಮ್ಮ ಕುಡಿಯೋದು ಬಿಟ್ಟಿದ್ದು ದೇವರ ಕೆಲಸನ. ಅದರ ಮ್ಯಾಲೆ ಮನಷ್ಯಾರು ತಮ್ಮ ಬೋರ್ಡ್ ಹಾಕ್ಕೊಂಡ್ರ ನನಗ ಅನುಮಾನ. ಮುಳುಗಿದೋರ್ನ ಮತ್ತ ಮುಳುಗಸೋದು ತಪ್ಪು. ಇನ್ನ ನೀನುಂಟು, ನಿನ್ನ ಮನಸ್ಸುಂಟು" ಎಂದರು.

ನಾನು ಮುಳುಗಲಿಲ್ಲ. ಆದರೆ ತಂಡದ ದೀಕ್ಷಾಸ್ನಾನದ ದಿನ ಬೆಳಿಗ್ಗೆ, ಯಾರೂ ಬರುವ ಮುಂಚೆ, ತಮ್ಮನಿಗಾಗಿ ಪ್ರಾರ್ಥನೆ ಮಾಡಿಕೊಳ್ಳೋಣವೆಂದು ಕೆರೆಯ ಏರಿಗೆ ಹೋದೆ. ನೀರಿನಲ್ಲಿ ಎದೆಮಟ್ಟ ನಿಂತು ಪಾಸ್ಟರು ಕೋಲು ಊರುತ್ತಿದ್ದರು. ತಳ ಗಟ್ಟಿ ಸಿಕ್ಕ ಜಾಗದ ಸುತ್ತ ಜಾಲಿ ಕಟ್ಟಿಗೆ ನೆಟ್ಟು, ತುದಿಗೆ ಬಿಳಿ ಬಟ್ಟೆಯ ಚೂರು ಕಟ್ಟಿದ್ದರು. ಬೇಲಿ ಹಾಕಿದ ಅಂಗಳದಂತೆ ಕಾಣುತ್ತಿತ್ತು.

"ಅವರ ದೀಕ್ಷಾಸ್ನಾನ ತಪ್ಪು ಅಂದೋರು ನೀವ ಅಲ್ಲೇನ್ರಿ?" ಎಂದು ಏರಿಯ ಮೇಲಿಂದ ಕೂಗಿದೆ.

"ಈಗೂ ಅಂತೀನಿ."

"ಮತ್ತ ಇದ್ಯಾಕ?"

"ಅವರ ಬೋಧನೆ ಮ್ಯಾಲೆ ಅನುಮಾನ ಐತಿ ಅಂತ ಮಂದೀನ ಗುಂಡಿಗಿ ಬೀಳಾಕ ಬಿಡಬೇಕೇನು? ನಿನ್ನ ತಮ್ಮಗ ಈಸು ಬರಂಗಿಲ್ಲ." ಹಲ್ಲು ಕಟಕಟ ಎನ್ನುತ್ತ ಮೇಲೆ ಬಂದರು. "ಯಾರಿಗೂ ಹೇಳಬ್ಯಾಡ. ಪಾಸ್ಟ್ರು ಒಪ್ಪಿದ್ರು ಅಂತ ಅದನ್ನೂ ಬೋರ್ಡ್ ಮಾಡ್ತಾರ."

ಅಂದು ಬಹಳ ಜನ ಮುಳುಗಿ ಎದ್ದರು. ಆ ಬಟ್ಟೆ ಕಟ್ಟಿದ ಕಟ್ಟಿಗೆಗಳನ್ನು ಮುಖಂಡರ ಕಡೆಯವರೇ ನೆಟ್ಟಿದ್ದೆಂದು ಎಲ್ಲರೂ ಅಂದುಕೊಂಡರು.

ಸುಗ್ಗಿ ಬಂತು, ಹೋಯಿತು. ತಮ್ಮ ಕುಡಿಯಲಿಲ್ಲ. ಪಾಸ್ಟರು ಅವನ ಮನೆಗೆ ತಾವೇ ಹೋಗಿ, "ನಿನ್ನ ಮ್ಯಾಲೆ ಅನುಮಾನ ಪಟ್ಟಿದ್ದೆ. ತಪ್ಪಾತಪ್ಪ" ಎಂದರಂತೆ. ತಂಡದ ಮೇಲಿನ ಅನುಮಾನವನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ. ಭಾನುವಾರ ಖಾಲಿ ಉಳಿದ ಚಾಪೆಗಳನ್ನು ಯಾರಾದರೂ ಸುತ್ತಿಡಲು ಹೋದರೆ, "ಇರ್ಲಿ ಬಿಡ್ರಿ, ಬಂದ್ರ ಕುಂದರಾಕ ಬೇಕು" ಎನ್ನುತ್ತಿದ್ದರು.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಕೋಲನ್ನೂ ಪೆಟ್ಟಿಗೆಯ ಜೊತೆ ಇಡೋಣವೆಂದು ಯಾರೋ ಅಂದರು. ಅವರ ಹೆಂಡತಿ ಪಾಸ್ಟರಮ್ಮ ಕಣ್ಣು ಒರೆಸಿಕೊಂಡು, "ಅದು ಅವರದಲ್ಲ, ಸಭೆದು. ಬಾಗಲ ಹಿಂದ ಇಡ್ರಿ" ಎಂದರು. ಹೊರಲು ನನ್ನ ತಮ್ಮನೂ, ಬಿಟ್ಟುಹೋದ ಮನೆಗಳವರೂ ಬಂದಿದ್ದರು. ಮಣ್ಣು ಮುಗಿದ ಮೇಲೆ ಕೆರೆಯ ಆ ಬೆಳಗಿನ ವಿಷಯ ತಮ್ಮನಿಗೆ ಹೇಳಿದೆ. ಇನ್ನು ಮುಚ್ಚಿಟ್ಟು ಯಾರಿಗೇನು? ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಗೋರಿಯ ಹಸಿ ಮಣ್ಣನ್ನು ಅಂಗೈಯಿಂದ ಸವರಿದ. ಅವನು ಈಗಲೂ ತಂಡದ ಕೂಟಕ್ಕೇ ಹೋಗುತ್ತಾನೆ.

ಈ ವರ್ಷ ಕೆರೆ ತುಂಬಿದಾಗ ನನ್ನ ಮಗಳು ದೀಕ್ಷಾಸ್ನಾನ ಕೇಳಿದಳು. ಹಡಗಲಿ ಕಡೆಯಿಂದ ಹೊಸದಾಗಿ ಬಂದ ಹುಡುಗ ಪಾಸ್ಟರು ಸಡಗರದಿಂದ ನೀರಿಗೆ ಕಾಲಿಟ್ಟರು.

"ತಳ ನೋಡಿದ್ರೇನ್ರಿ?" ಎಂದೆ.

"ನೀರು ತಿಳಿ ಐತಲ್ಲಕ್ಕಾ. ಅನುಮಾನ ಯಾಕ?"

ನಾನು ಹೋಗಿ ದೇವಾಲಯದ ಬಾಗಿಲ ಹಿಂದಿನ ಕೋಲು ತಂದು, ಸೀರೆ ಎತ್ತಿ ಕಟ್ಟಿ ನೀರಿಗಿಳಿದೆ. ಹಿಂದಿನಿಂದ ಯಾರೋ ನನ್ನ ಎಡಗೈ ಹಿಡಿದರು. ತಿರುಗಿ ನೋಡಿದರೆ ತಮ್ಮ. "ಅಕ್ಕಾ, ಈಸು ನಿನಗೂ ಬರಂಗಿಲ್ಲ" ಎಂದ.

ಎಲ್ಲರೂ ಕಾಯುತ್ತಿದ್ದರು. ಒಂದು ಕಡೆ ಕೋಲು ಹಿಡಿದ ನನ್ನ ಕೈ ಮೊಣಕೈವರೆಗೂ ನೀರಿಗೆ ಇಳಿದರೂ ತಳ ಸಿಗಲಿಲ್ಲ. ಕಿತ್ತುಕೊಂಡು ಪಕ್ಕಕ್ಕೆ ಸರಿದೆವು. ಇನ್ನೊಂದು ಕಡೆ ಟಕ್ಕನೆ ಗಟ್ಟಿ ನೆಲ ಸಿಕ್ಕಿತು. ತುದಿಯ ಕೆಸರನ್ನು ಬೆರಳಲ್ಲಿ ತಿಕ್ಕಿ ನೋಡಿದೆ. ಮತ್ತೊಮ್ಮೆ ಒತ್ತಿ ನೋಡಿದೆ. ಆಮೇಲೆ ಮಗಳನ್ನು ಕರೆದೆ.