ಬೇರೆಯವರ ಗಂಟಲು

ಸೈನ್ಯದಲ್ಲಿ ಕವಾಯತು ಮಾಡಿಸುತ್ತ ಕೂಗಿ ಕೂಗಿ ಮಿಲಿಟರಿ ಮಾವನ ಗಂಟಲು ಒಡಕು ಮಡಕೆಯಾಗಿತ್ತು. ನಿವೃತ್ತಿಯ ನಂತರ ಸಿನಿಮಾ ನಟನಾದ ಮೇಲೆ ಅವನಿಗೆ ಅನ್ನ ಹಾಕಿದ್ದೂ ಆ ಗಂಟಲೇ. ಕೊನೆಯ ಚಿತ್ರಕ್ಕೆ ದನಿ ಕೊಡುವ ಮೊದಲೇ ಕಣ್ಣು ಮುಚ್ಚಿದ. ಸತ್ತವರ ಬಾಯಿಗೆ ಮಾತು ತುರುಕುವುದು ಸಿನಿಮಾದವರಿಗೆ ನೀರು ಕುಡಿದಷ್ಟು ಸುಲಭ. ಬೇರೊಬ್ಬನ ದನಿ ಅವನಿಗೆ ಹೊಂದುತ್ತದೋ ಇಲ್ಲವೋ ನೋಡಲು ಅವನ ಹೆಂಡತಿಯನ್ನು ಡಬ್ಬಿಂಗ್ ಕೋಣೆಗೆ ಕರೆಸಿದರು.

ಇದ್ದದ್ದು ಒಂದೇ ಮಾತು, ಮನೆ ಬಿಡುವಾಗ ಅವನು ದಿನಾ ಅವಳಿಗೆ ಹೇಳುತ್ತಿದ್ದಂಥದೇ. ಪರದೆಯ ಮೇಲೆ ಗಂಡ ತುಟಿ ಆಡಿಸಿದ. ಗಾಜಿನಾಚೆ ನಿಂತ ಡಬ್ಬಿಂಗ್ ಕಲಾವಿದ ಅದನ್ನು ಗುಡುಗಿದ.

"ಹೀಗಲ್ಲಪ್ಪ. ಮನೇಲಿ ಅವರು ಯಾವತ್ತಾದ್ರೂ ಹೀಗೆ ಗದರ್ತಿದ್ರಾ?" ಎಂದಳು ಹೆಂಡತಿ.

"ಮತ್ತೆ ಹೇಗಿತ್ತು, ನೀವೇ ಒಂದ್ಸಲ ಹೇಳಿ ತೋರಿಸಿ, ಅಮ್ಮ," ಎಂದ ನಿರ್ದೇಶಕ.

ಅವಳು ಬಾಯಿ ತೆರೆದಳು. ಇಷ್ಟು ವರ್ಷ ಕೇಳಿದ ದನಿ ಕಿವಿಯಲ್ಲಿ ಹಾಗೇ ಇತ್ತು, ನಾಲಗೆಗೆ ಮಾತ್ರ ಇಳಿಯಲಿಲ್ಲ. ಹೊರಬಿದ್ದದ್ದು ತನ್ನದೇ ಕೀರಲು ದನಿ. ಎಲ್ಲರೂ ನೆಲ ನೋಡಿದರು.

"ಇರ್ಲಿ ಬಿಡಿ. ಇವರ ದನಿನೇ ಇಟ್ಕೊಳ್ಳಿ," ಎಂದಳು.

ಪರದೆಯಲ್ಲಿ ಗಂಡ ಹೊಸಿಲು ದಾಟಿ, ತಿರುಗಿ, ಯಾರದೋ ಗಂಟಲಲ್ಲಿ ಹೇಳಿದ:

"ಬಾಗಿಲು ಹಾಕ್ಕೋ. ಈಗ ಬಂದ್ಬಿಡ್ತೀನಿ."