ಕೈ ಹಗುರ ಮಾಡಿಕೊಂಡದ್ದು

ನಾನು ತಿರುಗಿಸಿ ನಿಲ್ಲಿಸಿದ ನಲ್ಲಿಯನ್ನು ನಮ್ಮ ಮನೆಯಲ್ಲಿ ಬೇರೆ ಯಾರೂ ಬಿಡಲಾರರು. ನಾನು ಮುಚ್ಚಿದ ಉಪ್ಪಿನಕಾಯಿ ಬಾಟಲಿಗೂ ಅದೇ ಗತಿ. ಹತ್ತನೇ ತರಗತಿ ಮುಗಿಸಿದ ಮೇಲೆ ಈ ಕೈಗಳಿಗೆ ಸಿಕ್ಕ ವಿದ್ಯೆಯೆಂದರೆ ಸಾಗರದಿಂದ ಹೊರಟು ತೀರ್ಥಹಳ್ಳಿಯ ಮೇಲೆ ಆಗುಂಬೆ ಘಾಟಿ ಇಳಿದು ಹತ್ತುವ ಮಿನಿ ಬಸ್ಸಿನ ಸ್ಟೇರಿಂಗ್ ತಿರುಗಿಸುವುದೊಂದೇ. ಗಟ್ಟಿಯಾಗಿ ಹಿಡಿಯದಿದ್ದರೆ ಪ್ರಪಂಚದಲ್ಲಿ ಯಾವುದೂ ಮಾತು ಕೇಳುವುದಿಲ್ಲವೆಂದು ಅವು ನಂಬಿಬಿಟ್ಟಿದ್ದವು. ಸಾಲದ್ದಕ್ಕೆ, ನಮ್ಮ ಕೇರಿಯಲ್ಲಿ ಯಾರ ಕಾಲು ಉಳುಕಿದರೂ ನೀವಿಸಿಕೊಳ್ಳಲು ಎಣ್ಣೆ ಬಟ್ಟಲು ಹಿಡಿದು ನನ್ನಲ್ಲಿಗೇ ಬರುತ್ತಿದ್ದರು. ಅವರು ಕೂಗಿಕೊಂಡಷ್ಟೂ ನನ್ನ ಕೀರ್ತಿ ಬೆಳೆಯುತ್ತಿತ್ತು. ಪರರ ಆರ್ತನಾದದಿಂದ ಪ್ರಸಿದ್ಧನಾದವನು ಎಷ್ಟು ಅಪಾಯಕಾರಿ ಎಂಬುದು ನಿಮಗೆ ಗೊತ್ತಿರಬಹುದು, ನನಗೆ ಗೊತ್ತಿರಲಿಲ್ಲ.

ನನ್ನ ಹೆಂಡತಿ ನಾಗವೇಣಿಯ ಹೊಲಿಗೆ ಅಂಗಡಿ ಸಾಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇದೆ. ರವಿಕೆಗೆ ತೋಳು ಕೂರಿಸುವುದರಲ್ಲಿ ಅವಳನ್ನು ಬಿಟ್ಟರಿಲ್ಲವೆಂದು ಹೊಸನಗರದ ಹೆಂಗಸರೂ ಬಟ್ಟೆ ಹಿಡಿದು ಬರುತ್ತಾರೆ. ಹೋದ ವರ್ಷ ಅವಳ ಎದೆಯ ಗಡ್ಡೆಯನ್ನು ತೆಗೆದಾಗ ಜೊತೆಗೆ ಬಲಗಂಕುಳಿನ ಕೆಲವು ದುಗ್ಧಗ್ರಂಥಿಗಳನ್ನೂ ತೆಗೆದರು. ಗಾಯವೇನೋ ಮಾಯಿತು, ತೋಳು ಊದತೊಡಗಿತು. ದುಗ್ಧರಸವೆಂಬ ಶಬ್ದವನ್ನು ಹೈಸ್ಕೂಲಿನಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರುದಿನವೇ ಮರೆತಿದ್ದೆ. ಅದು ಮೈಯೊಳಗೆ ಸದ್ದಿಲ್ಲದೆ ಹರಿಯುವ ತಿಳಿನೀರೆಂದೂ, ದಾರಿ ಕಟ್ಟಿದರೆ ಅಲ್ಲೇ ನಿಂತುಬಿಡುತ್ತದೆಂದೂ ಆಗ ತಿಳಿಯಿತು. ಊರ ಹೆಂಗಸರ ತೋಳನ್ನೆಲ್ಲ ಅಂದವಾಗಿ ಕೂರಿಸಿದವಳು ತನ್ನ ರವಿಕೆಯ ಬಲತೋಳಿನ ಹೊಲಿಗೆಯನ್ನು ತಾನೇ ಬಿಚ್ಚಿಕೊಂಡಳು. ಕತ್ತರಿ ಹಿಡಿದರೆ ಬೆರಳು ಬಿಗಿಯುತ್ತಿತ್ತು. ಮತ್ತೆ ಮಷಿನ್ನಿನ ಮುಂದೆ ಕೂರಬೇಕು, ಅಷ್ಟೇ ಅವಳ ಆಸೆ.

ಅದಕ್ಕಾಗಿ ಫಿಸಿಯೋಥೆರಪಿ ಕಲಿತ ರಶ್ಮಿ ಎಂಬ ಹುಡುಗಿ ಮನೆಗೆ ಬಂದು ಮಸಾಜು ಮಾಡತೊಡಗಿದಳು. ಎಣ್ಣೆ ಇಲ್ಲ, ಬಲವಿಲ್ಲ. ಮೊದಲು ಕುತ್ತಿಗೆಯ ಬುಡ, ಆಮೇಲೆ ಆಚೆ ಬದಿಯ ಕಂಕುಳು, ಆಮೇಲೆ ಎದೆಯ ಮೇಲ್ಭಾಗ; ಊದಿದ ತೋಳಿನ ಸರದಿ ಕಟ್ಟಕಡೆಗೆ. ಅದೂ ಮಲಗಿದ ಬೆಕ್ಕನ್ನು ಎಬ್ಬಿಸದೆ ಸವರುವಂತೆ. ಕೆಟ್ಟದ್ದು ಕೈ, ಉಪಚಾರ ಕುತ್ತಿಗೆಗೆ ಎಂದು ನಾನು ಒಳಗೊಳಗೇ ನಕ್ಕೆ. ಅವಳು ಬಾರದ ಒಂದು ಭಾನುವಾರ ನನ್ನ ಪಾಂಡಿತ್ಯ ತಡೆಯಲಾರದೆ ಎದ್ದು ನಿಂತಿತು. ಎಣ್ಣೆ ಬಿಸಿ ಮಾಡಿದೆ, ಬಚ್ಚಲ ಹಂಡೆಗೆ ಉರಿ ಹಾಕಿದೆ, ಬಾಣಂತಿಗೆ ಎರೆಯುವ ಹಾಗೆ ಎರೆಯುವುದೆಂದು ನಿಶ್ಚಯಿಸಿ ಆ ತೋಳನ್ನು ಮುಂಗೈಯಿಂದ ಮೇಲಕ್ಕೆ ಬಲವಾಗಿ ನೀವಿದೆ.

"ರೀ, ಸಾಕು. ಮೆಲ್ಲಗೆ" ಎಂದಳು.

"ನೋವಾದ್ರೇ ಇಳಿಯೋದು ಮಾರಾಯ್ತಿ, ಸುಮ್ನಿರು" ಎಂದೆ.

ಬೆಳಗಾಗುವಷ್ಟರಲ್ಲಿ ತೋಳು ಕೆಂಪಗೆ ಕಾದು ಇನ್ನಷ್ಟು ಊದಿತ್ತು, ಜ್ವರವೂ ಬಂದಿತ್ತು. ಡಾಕ್ಟರು ಸೋಂಕೆಂದು ಮಾತ್ರೆ ಕೊಟ್ಟರು, ಕೆಂಪು ಇಳಿಯುವವರೆಗೆ ಮಸಾಜು ಬೇಡವೆಂದರು. ಅದಾದ ಮೇಲೆ ನೀರಿನ ಲೋಟ ಕೊಡಲು ನಾನು ಕೈ ಚಾಚಿದರೂ ಅವಳ ತೋಳು ತಾನಾಗಿಯೇ ಹಿಂದಕ್ಕೆ ಸರಿಯುತ್ತಿತ್ತು. ಅವಳು ಒಂದು ಮಾತೂ ಆಡಲಿಲ್ಲ. ತೋಳು ಆಡಿತು.

ಜ್ವರ ಬಿಟ್ಟ ಮೇಲೆ ರಶ್ಮಿ ಬಂದು ತೋಳು ನೋಡಿದಳು. "ಏನ್ ಮಾಡ್ಕೊಂಡ್ರಿ ಆಂಟಿ?"

"ನೀರಿನ ಕೊಡ ಎತ್ತಿದ್ದೆ ಕಣಮ್ಮ" ಎಂದಳು ನಾಗವೇಣಿ, ನನ್ನ ಕಡೆ ತಿರುಗದೆ.

"ಅಷ್ಟು ಹೇಳಿದ್ರೂ ಎತ್ತಿದ್ರಾ? ನಿಮ್ಮನ್ನ ನಂಬೋದು ಕಷ್ಟ. ಇನ್ನು ಮಷಿನ್ ಸುದ್ದಿಗೇ ಹೋಗ್ಬೇಡಿ. ಬಟ್ಟೆ ಎಲ್ಲ ವಾಪಸ್ ಕೊಟ್ಬಿಡಿ."

ನಾನು ಪೇಪರಿನ ಹಿಂದೆ ಕುಳಿತಿದ್ದೆ. ಪೇಪರಿನ ಹಿಂದೆ ಗಂಡಸು ಬಹಳ ಹೊತ್ತು ಬದುಕಬಲ್ಲ. ಆದರೆ ನಾಗವೇಣಿ ಎದ್ದು ಹೋಗಿ, ಹೊಲಿಯದೆ ಉಳಿದ ಬಟ್ಟೆಗಳನ್ನು ಎಡಗೈಯಲ್ಲಿ ಮಡಿಸತೊಡಗಿದಾಗ ನನ್ನಿಂದಾಗಲಿಲ್ಲ.

"ಕೊಡ ಅಲ್ಲಮ್ಮ, ನಾನು" ಎಂದೆ. ಎಣ್ಣೆ, ಹಂಡೆ, ಅವಳು ಬೇಡವೆಂದದ್ದು, ಎಲ್ಲವನ್ನೂ ಹೇಳಿದೆ.

"ಅಂಕಲ್, ಇದು ಉಳುಕು ಅಲ್ಲ!" ರಶ್ಮಿಗೆ ನಿಜಕ್ಕೂ ಸಿಟ್ಟು ಬಂದಿತ್ತು. ಆಮೇಲೆ, "ಬನ್ನಿ ಇಲ್ಲಿ. ಕಣ್ಣು ಮುಚ್ಚಿ ರೆಪ್ಪೆ ಮೇಲೆ ಬೆರಳಿಡಿ. ಕಣ್ಣಿಗೆ ನೋವಾಗದ ಹಾಗೆ ಎಷ್ಟು ಒತ್ತಬಹುದೋ, ಅಷ್ಟೇ" ಎಂದಳು. ಹೀಗೆ ಈ ವಯಸ್ಸಿನಲ್ಲಿ ನನ್ನ ಶಾಲೆ ಮತ್ತೆ ಆರಂಭವಾಯಿತು.

ಈ ವಿದ್ಯೆಯನ್ನು ಎಷ್ಟು ಹೊಗಳಿದರೂ ನನಗೆ ಸಾಲದು. ಆ ನೀರಿನ ದಾರಿಗಳು ಚರ್ಮದ ಕೆಳಗೇ ಇವೆಯಂತೆ. ಜೋರಾಗಿ ಒತ್ತಿದರೆ ಮುಚ್ಚಿಕೊಳ್ಳುತ್ತವೆ, ಚರ್ಮವನ್ನು ತುಸುವೇ ಎಳೆದು ಬಿಟ್ಟರೆ ತೆರೆದುಕೊಳ್ಳುತ್ತವೆ. ಕುತ್ತಿಗೆಯಿಂದ ಏಕೆ ಶುರುಮಾಡಬೇಕೆಂದು ರಶ್ಮಿ ವಿವರಿಸಿದಾಗ ನನಗೆ ಆಗುಂಬೆಯ ತಿರುವುಗಳು ಕಣ್ಣ ಮುಂದೆ ಬಂದವು. ಅಲ್ಲಿ ಗಾಡಿಗಳು ಸಿಕ್ಕಿಕೊಂಡರೆ ಹಿಂದಿನವನು ಎಷ್ಟು ಹಾರ್ನ್ ಹೊಡೆದರೂ ವ್ಯರ್ಥ. ಎಲ್ಲರಿಗಿಂತ ಮುಂದಿರುವವನಿಗೆ ಮೊದಲು ದಾರಿ ಬಿಡಿಸಬೇಕು, ಆಮೇಲೆ ಅವನ ಹಿಂದಿನವನಿಗೆ. ಇದನ್ನು ಹೇಳಿದಾಗ ರಶ್ಮಿ ನಕ್ಕುಬಿಟ್ಟಳು. "ಅಷ್ಟು ಗೊತ್ತಿದ್ದೂ ಹಾರ್ನ್ ಹೊಡೆದ್ರಲ್ಲ ಅಂಕಲ್!"

ಮೊದಮೊದಲು ನನ್ನ ಬೆರಳು ತಾಗಿದೊಡನೆ ನಾಗವೇಣಿ ಉಸಿರು ಬಿಗಿಹಿಡಿಯುತ್ತಿದ್ದಳು. ನಾನು ಕ್ಷಮೆ ಕೇಳಿದೆ. ಕ್ಷಮಿಸಿದೆನೆಂದು ಬಾಯಲ್ಲಿ ಹೇಳಿದಳು, ಆದರೆ ತೋಳಿನ ಒಪ್ಪಿಗೆ ಬೇರೆಯೇ ಆಗಬೇಕಿತ್ತು. ದಿನವೂ ಮಸಾಜು, ಮೇಲೊಂದು ಬಿಗಿಪಟ್ಟಿ. ಮಳೆಗಾಲ ಮುಗಿಯುವ ಹೊತ್ತಿಗೆ ಊತ ಬಹಳಷ್ಟು ಇಳಿಯಿತು. ಪೂರಾ ಹೋಗುವುದಿಲ್ಲ, ಜೀವಮಾನವಿಡೀ ನೋಡಿಕೊಳ್ಳುತ್ತಿರಬೇಕು ಎಂದು ರಶ್ಮಿ ಮುಚ್ಚುಮರೆಯಿಲ್ಲದೆ ಹೇಳಿದಳು. ಮಷಿನ್ನಿಗೆ ಮಾತ್ರ ಅಪ್ಪಣೆ ಕೊಟ್ಟಳು, ನಡುನಡುವೆ ವಿಶ್ರಾಂತಿಯ ಷರತ್ತಿನೊಡನೆ.

ನಿನ್ನೆ ನಾಗವೇಣಿ ತನಗೇ ಒಂದು ರವಿಕೆ ಹೊಲಿದುಕೊಂಡಳು. ಬಲತೋಳು ಎಡತೋಳಿಗಿಂತ ಕೊಂಚ ಅಗಲ. ಅದನ್ನು ಬೆಳಕಿಗೆ ಹಿಡಿದು ನೋಡುತ್ತ, "ಯಾರಿಗೂ ಗೊತ್ತಾಗಲ್ಲ ಅಲ್ವಾ?" ಎಂದಳು. ಗೊತ್ತಾಗುವುದಿಲ್ಲವೆಂದೆ. "ಗೊತ್ತಾದ್ರೂ ಏನೀಗ? ಇನ್ನೊಂದಕ್ಕೆ ಕುತ್ತಿಗೆ ಸ್ವಲ್ಪ ಕೆಳಗಿಡ್ಬೇಕು" ಎಂದು ತನ್ನಷ್ಟಕ್ಕೇ ಮಾತಾಡಿಕೊಳ್ಳುತ್ತ ಕುರ್ಚಿಗೆ ಒರಗಿದಳು. ಕಣ್ಣು ಇನ್ನೂ ರವಿಕೆಯ ಮೇಲೇ ಇತ್ತು. ನಾನು ಕೇಳುವ ಮೊದಲೇ, ನನ್ನತ್ತ ನೋಡದೆಯೇ, ಬಲತೋಳನ್ನು ನನ್ನ ತೊಡೆಯ ಮೇಲೆ ಚಾಚಿದಳು.