ಹನ್ನೆರಡನೆಯ ಚಿಂದಿ

ನನ್ನ ಅಳಿಯನಿಗೆ ನಮ್ಮ ಬೀದಿಯವರು ಇಟ್ಟ ಹೆಸರು ‘ಮೇಲೆಕೆಳಗೆ’. ಅವನು ಲಿಫ್ಟ್ ರಿಪೇರಿ ಮಾಡುವವನು. ಆಸ್ಪತ್ರೆಯಲ್ಲಾಗಲಿ ಆಫೀಸಿನಲ್ಲಾಗಲಿ, ಲಿಫ್ಟು ನಡುವೆ ಸಿಕ್ಕಿಕೊಂಡರೆ ಇವನಿಗೇ ಫೋನು. ದಿನವಿಡೀ ಕತ್ತಲ ಗೂಡಿನಲ್ಲಿ ನೇತಾಡಿ ಬಂದವನಿಗೆ ಮಾತು ಕಡಿಮೆ. ಮಾತು ಕಡಿಮೆ ಇರುವವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ನನ್ನ ಯಜಮಾನರು ದರ್ಜಿ. ಕತ್ತರಿ ಆಡಿದಷ್ಟೂ ಅವರ ನಾಲಿಗೆಯೂ ಆಡುತ್ತಿತ್ತು, ಹೊಟ್ಟೆಯಲ್ಲಿ ಒಂದು ಗುಟ್ಟು ನಿಲ್ಲುತ್ತಿರಲಿಲ್ಲ. ಇವನು ಹಾಗಲ್ಲ. ಕೇಳಿದ್ದಕ್ಕೆ ಒಂದು ‘ಹೂಂ’, ಕೇಳದಿದ್ದುದಕ್ಕೆ ಒಂದು ನಗೆ.

ಮದುವೆಯಾದ ಮೇಲೆ ಇವನು ನಮ್ಮ ಮನೆಯಲ್ಲೇ ಉಳಿದ. ನನ್ನ ಮಗಳು ಕನ್ನಡಕದ ಅಂಗಡಿಯಲ್ಲಿ ಗಾಜು ಕೊರೆಯುತ್ತಾಳೆ. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಗುರುತಿಸುವ ಕಣ್ಣು ಅವಳದು. ಗಂಡನ ವಿಷಯಕ್ಕೆ ಬಂದರೆ ಮಾತ್ರ ಆ ಕಣ್ಣು ಮಂಜು.

ಎರಡು ವರ್ಷದ ಹಿಂದೆ ಒಂದು ಲಾರಿಯ ಬೆನ್ನ ಮೇಲೆ ಅಳಿಯ ಕೊಂಡ ಹಳೆಯ ಕಾರು ಬಂತು. ಒಂದು ದೀಪ ಕಿತ್ತು ತಂತಿಯಲ್ಲಿ ನೇತಾಡುತ್ತಿತ್ತು. ಒಳಗೆ ಇಲಿಯ ವಾಸನೆ. ಬಾಗಿಲ ತುಂಬ ಯಾರೋ ಬೆಂಕಿಯ ಚಿತ್ರ ಅಂಟಿಸಿದ್ದರು. ಪಕ್ಕದ ಮನೆಯಲ್ಲಿ ಬಸ್ಸು ಓಡಿಸಿ ನಿವೃತ್ತನಾದ ಒಬ್ಬನಿದ್ದಾನೆ, ನಾನು ಅವನನ್ನು ಡ್ರೈವರಣ್ಣ ಅಂತಲೇ ಕರೆಯುವುದು. ಅವನು ಬಂದು ಕಾರಿಗೆ ಒಂದು ಸುತ್ತು ಹಾಕಿದ.

“ಅಕ್ಕಾ, ಇದು ಟರ್ಬೊ ಗಾಡಿ. ಮನೆಗೆ ತರಕಾರಿ ತರೋಕೆ ಇಂಥದನ್ನ ಯಾರೂ ತಗೊಳಲ್ಲ.”

“ಮತ್ತೆ ಯಾತಕ್ಕೆ ತಗೊಳ್ತಾರೆ?”

“ನಾನ್ಯಾಕೆ ಹೇಳ್ಲಿ? ನಿಮ್ಮ ಅಳಿಯನ್ನೇ ಕೇಳಿ,” ಎಂದು ಹೇಳಬೇಕಾದ್ದನ್ನೆಲ್ಲ ಹೇಳಿ ಹೋದ.

ಕಾರು ನಿಲ್ಲಿಸಲು ಇದ್ದ ಜಾಗ ಒಂದೇ, ಮನೆಯ ಮುಂದಿನ ನಮ್ಮ ಟೈಲರ್ ಅಂಗಡಿ. ಯಜಮಾನರು ಹೋದ ಮೇಲೆ ಅದರ ಶಟರು ಎಳೆದೇ ಇತ್ತು. ಮಗಳು ಆಗಲೇ ಮಗು ಬೇಕೆಂದು ಡಾಕ್ಟರ ಹತ್ತಿರ ಓಡಾಡುತ್ತಿದ್ದಳು. ನಾನು ಅಳಿಯನನ್ನು ಎದುರಿಗೆ ನಿಲ್ಲಿಸಿಕೊಂಡೆ.

“ಅಂಗಡಿ ಕೊಡ್ತೀನಿ. ಆದ್ರೆ ಈ ಗಾಡಿ ರೇಸಿಗೆ ಹೋದ್ರೆ ಅವತ್ತೇ ಇಲ್ಲಿಂದ ಹೊರಗೆ. ನನ್ನ ಮಗಳು ನನ್ನ ಹಾಗೆ ಒಂಟಿಯಾಗಿ ಕೂರಬಾರದು. ಒಪ್ಪಿಗೆನಾ?”

“ಹೂಂ ಅತ್ತೆ.”

ಆ ‘ಹೂಂ’ ನನಗೆ ಸಾಲಲಿಲ್ಲ. ಅವತ್ತಿನಿಂದ ಒಂದು ಕಣ್ಣು ಅಂಗಡಿಯ ಮೇಲೆ ಇಟ್ಟೇ ಇದ್ದೆ.

ಕೆಲಸ ಮಾತ್ರ ಒಪ್ಪ. ಅದನ್ನು ಇಲ್ಲ ಎನ್ನಲಾರೆ. ಬೆಂಕಿಯ ಚಿತ್ರವನ್ನು ಬಿಸಿಗಾಳಿ ಊದಿ ಊದಿ ಉಗುರಿನಲ್ಲಿ ಬಿಡಿಸಿದ. ಜಡೆ ಬಿಚ್ಚಿಕೊಂಡ ತಲೆಯಂತಿದ್ದ ತಂತಿಗಳನ್ನು ಒಂದೊಂದಾಗಿ ಹಿಡಿದು ಕಟ್ಟಿದ. ಬಿಚ್ಚಿದ ಬೋಲ್ಟುಗಳನ್ನು ನನ್ನ ಗುಂಡಿ ಡಬ್ಬಿಗಳಲ್ಲಿ ಹಾಕಿ ಮೇಲೆ ಚೀಟಿ ಅಂಟಿಸಿದ. ಆಮೇಲೆ ಹಳೆಯ ಟರ್ಬೊ ತೆಗೆದು ದೊಡ್ಡದೊಂದನ್ನು ಕೂರಿಸಲು ಹೊರಟ. ಅದೇನೆಂದು ಕೇಳಿದ್ದಕ್ಕೆ ಬಸವನ ಹುಳುವಿನ ಚಿಪ್ಪಿನಂಥ ಒಂದು ಕಬ್ಬಿಣ ತೋರಿಸಿದ. ಒಳಗೆ ಪುಟ್ಟ ಚಕ್ರ. ಇಂಜಿನ್ನು ಬಿಡುವ ಹೊಗೆಯೇ ಆ ಚಕ್ರವನ್ನು ತಿರುಗಿಸಿ, ಅದು ಹೊರಗಿನ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದಂತೆ.

“ನಿಮಿಷಕ್ಕೆ ಲಕ್ಷ ಸಲಕ್ಕಿಂತ ಜಾಸ್ತಿ ತಿರುಗುತ್ತೆ ಅತ್ತೆ. ಒಳಗೆ ಒಂದು ವಾಷರ್ ಬಿದ್ರೂ ಚಕ್ರ ಚೂರುಚೂರು. ಕೆಲವು ಸಲ ಇಂಜಿನ್ನೂ ಹೋಗುತ್ತೆ.”

ಅದಕ್ಕೇ ಪೈಪು ಬಿಚ್ಚಿದಾಗಲೆಲ್ಲ ತೆರೆದ ಬಾಯಿಗಳಿಗೆ ಅವನು ಚಿಂದಿ ತುರುಕುತ್ತಿದ್ದ. ಚಿಂದಿ ಕೊಡುತ್ತಿದ್ದವಳು ನಾನು. ಯಜಮಾನರ ಹಳೆಯ ಅಂಗಿಗಳನ್ನು ಹರಿದು, ಬೆಳಿಗ್ಗೆ ಹನ್ನೆರಡು ಎಣಿಸಿ ಕೊಡುತ್ತಿದ್ದೆ, ಸಂಜೆ ಹನ್ನೆರಡು ಎಣಿಸಿ ತೆಗೆದುಕೊಂಡು ಒಗೆಯುತ್ತಿದ್ದೆ. ಅದು ಯಜಮಾನರ ಕಾಲದ ಪದ್ಧತಿ. ಒಮ್ಮೆ ಒಬ್ಬ ಮೇಷ್ಟ್ರ ಪ್ಯಾಂಟಿನಲ್ಲಿ ಒಂದು ಸೂಜಿ ಉಳಿದುಹೋಗಿತ್ತು. ಮರುದಿನ ಅವರು ಅಂಗಡಿಗೆ ಬಂದು ನಿಂತೇ ಇದ್ದರು. ಕೂತ್ಕೊಳ್ಳಿ ಅಂದರೆ, “ಕೂತಿದ್ದಕ್ಕೇ ಬಂದಿದ್ದು” ಎಂದರು. ಅವತ್ತಿನಿಂದ ನಮ್ಮ ಅಂಗಡಿಯಲ್ಲಿ ಬೆಳಿಗ್ಗೆ ಹೊರಬಿದ್ದ ಸೂಜಿ ಸಂಜೆ ಲೆಕ್ಕಕ್ಕೆ ಸಿಗದೆ ಶಟರು ಎಳೆದದ್ದಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಆದರೆ ಹನ್ನೆರಡರವರೆಗಿನ ಎಣಿಕೆಯಲ್ಲಿ ನನ್ನನ್ನು ಯಾರೂ ಸೋಲಿಸಲಾರರು.

ಈ ವರ್ಷ ಮಗಳು ಐದು ತಿಂಗಳ ಬಸುರಿಯಾಗಿದ್ದಾಗ ಕಾರಿನ ಹಿಂದಿನ ಸೀಟು ಮಾಯವಾಯಿತು.

“ಎಲ್ಲಿ ಹೋಯ್ತಪ್ಪ ಸೀಟು? ಮಗು ಎಲ್ಲಿ ಕೂರೋದು?”

“ತೊಳೆದಿದ್ದೀನಿ ಅತ್ತೆ. ಮಹಡಿ ಮೇಲೆ ಒಣಗ್ತಿದೆ.”

ನಾನು ಮಂಡಿ ಹಿಡಿದುಕೊಂಡು ಮಹಡಿ ಹತ್ತಿದೆ. ಸೀಟು ಗೋಡೆಗೆ ಒರಗಿತ್ತು. ಅಂಗೈ ಒತ್ತಿ ನೋಡಿದೆ, ಹೊಲಿಗೆಯ ಸಂದಿಗೆ ಬೆರಳು ತೂರಿಸಿ ನೋಡಿದೆ. ಹಪ್ಪಳದ ಹಾಗೆ ಒಣಗಿತ್ತು. ಎರಡು ವಾರ ಬಿಟ್ಟು ಕೇಳಿದರೂ ಅದೇ ಉತ್ತರ, “ಒಣಗ್ತಿದೆ ಅತ್ತೆ.” ಡ್ರೈವರಣ್ಣನ ಕಿವಿಗೆ ಹಾಕಿದೆ. ಅವನು ಗಡ್ಡ ಕೆರೆದುಕೊಂಡ.

“ಭಾರ ಇಳಿಸಿದ್ರೆ ಓಟ ಹೆಚ್ಚು ಅಕ್ಕಾ. ರೇಸಿನವರು ಮೊದಲು ಕೀಳೋದೇ ಹಿಂದಿನ ಸೀಟು.”

ಮಗಳಿಗೆ ಹೇಳಿದರೆ ಅವಳು ನಕ್ಕಳು. “ಅಮ್ಮಾ, ಅವರು ಹಲ್ಲುಜ್ಜಿದ್ರೂ ಯಾತಕ್ಕೆ ಉಜ್ಜಿದ್ರು ಅಂತ ಪತ್ತೆ ಮಾಡ್ತೀಯ ನೀನು.”

“ಮಾಡ್ತೀನಿ. ಯಾರಾದ್ರೂ ಮಾಡ್ಬೇಕಲ್ಲ!”

ಒಂದು ಗುರುವಾರ ಸಂಜೆ ಚಿಂದಿ ಎಣಿಸಿದೆ. ಹನ್ನೊಂದು. ಮತ್ತೆ ಎಣಿಸಿದೆ. ಹನ್ನೊಂದೇ.

“ಗಾಳಿಗೆ ಹಾರಿರ್ಬೇಕು ಅತ್ತೆ,” ಎಂದ ಅವನು, ಕೈ ತೊಳೆಯುತ್ತಾ. ನನ್ನ ಮುಖ ನೋಡಲಿಲ್ಲ. ಆ ವಾರವೆಲ್ಲ ಅವನಿಗೆ ಏನೋ ಅವಸರ. ಊಟಕ್ಕೆ ಕೂತರೂ ಒಂದು ಕಾಲು ಅಂಗಡಿಯಲ್ಲೇ ಇರುತ್ತಿತ್ತು.

ಶಟರು ಎಳೆದ ಅಂಗಡಿಗೆ ಯಾವ ಗಾಳಿ ಬರುತ್ತದೆ? ಶುಕ್ರವಾರ ಅವನು ಕೆಲಸಕ್ಕೆ ಹೋದ ಮೇಲೆ ಬೀರುವಿನ ಅಡಿ, ಟೈರಿನ ಹಿಂದೆ, ಡಬ್ಬಿಗಳ ಸಂದಿ ಎಲ್ಲ ಹುಡುಕಿದೆ. ಮೊಳೆಗೆ ನೇತುಹಾಕಿದ್ದ ಅವನ ಹಳೆಯ ಚೀಲಕ್ಕೂ ಕೈ ಹಾಕಿದೆ. ತಪ್ಪು ಅಂತ ಗೊತ್ತಿತ್ತು, ಆದರೂ ಹಾಕಿದೆ. ಚಿಂದಿ ಸಿಗಲಿಲ್ಲ, ಒಂದು ಚೀಟಿ ಸಿಕ್ಕಿತು. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ‘ಭಾನುವಾರ, ಬೆಳಿಗ್ಗೆ ಹತ್ತು. ಹಳೆ ವಿಮಾನ ಮೈದಾನ. ನೇರ ಓಟ. ಗಾಡಿ ನಂಬರು ಇಪ್ಪತ್ತೇಳು.’

ಚೀಟಿಯನ್ನು ಇದ್ದಲ್ಲೇ ಇಟ್ಟೆ. ಮಗಳಿಗೆ ಹೇಳಲಿಲ್ಲ. ಹೊಟ್ಟೆಯಲ್ಲಿ ಮಗುವಿಟ್ಟುಕೊಂಡವಳಿಗೆ ಏನೆಂದು ಹೇಳುವುದು?

ಲೆಕ್ಕ ಸಿಗದ್ದಕ್ಕೆ ಒಗೆಯದೇ ಇಟ್ಟಿದ್ದ ಗುರುವಾರದ ಚಿಂದಿಗಳನ್ನು ಶನಿವಾರ ಮಧ್ಯಾಹ್ನ ಒಗೆಯಲು ಕೂತೆ. ನಲ್ವತ್ತು ವರ್ಷ ಬಟ್ಟೆ ಮುಟ್ಟಿದ ಕೈ ಇದು, ಯಾವ ಬಟ್ಟೆ ಎಲ್ಲಿತ್ತು ಅಂತ ಮಡಿಕೆ ನೋಡಿದರೆ ತಿಳಿಯುತ್ತದೆ. ಎಂಟು ಚಿಂದಿ ಚಪ್ಪಟೆ, ಎಣ್ಣೆ ಒರೆಸಿದವು. ಮೂರು ಮಾತ್ರ ಹೂವಿನ ಮೊಗ್ಗಿನ ಹಾಗೆ ತಿರುಚಿಕೊಂಡಿದ್ದವು. ಅವು ಪೈಪಿನ ಬಾಯಿಗೆ ತುರುಕಿದವು. ಗುರುವಾರ ಕಾಫಿ ಕೊಡಲು ಹೋದಾಗ ನಾನು ಕಂಡದ್ದು ನಾಲ್ಕು ಬಾಯಿ. ನಾಲ್ಕನೆಯದರಲ್ಲಿ ಇದ್ದದ್ದು ಯಜಮಾನರ ನೀಲಿ ಗೀಟಿನ ಅಂಗಿಯ ತೋಳು. ಅದೇ ಕಾಣುತ್ತಿಲ್ಲ.

ಸೋಪಿನ ಕೈ ಹಾಗೇ ನಿಂತಿತು. ಚಿಂದಿ ಎಲ್ಲಿದೆ ಅಂತ ಗೊತ್ತಾಯಿತು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಯಾಕೆ ಹೇಳಬೇಕು? ಕೀಲಿ ತಿರುಗಿಸಲಿ, ಚಕ್ರ ಬಟ್ಟೆ ನುಂಗಲಿ, ಎರಡು ವರ್ಷದ ಕೆಲಸ ಅಲ್ಲೇ ಮುಗಿಯಲಿ. ಗಾಡಿ ಅಂಗಡಿ ಬಿಟ್ಟು ಕದಲುವುದಿಲ್ಲ. ಮಗಳ ಗಂಡ ಮನೆಯಲ್ಲೇ ಉಳಿಯುತ್ತಾನೆ. ನಾನು ಒಂದು ಮಾತೂ ಆಡಬೇಕಾಗಿಲ್ಲ.

ಅವತ್ತು ಸಂಜೆ ಅಳಿಯ ಯಾವುದೋ ರಬ್ಬರಿನ ಬಳೆ ತಂದು, ಗುರುವಾರವೇ ಜೋಡಿಸಿಟ್ಟಿದ್ದ ಪೈಪುಗಳನ್ನು ಬಿಗಿದ. “ಬೆಳಿಗ್ಗೆ ಸ್ಟಾರ್ಟ್ ಮಾಡ್ತೀನಿ,” ಎಂದ. ನಾನು ‘ಹೂಂ’ ಅಂದೆ, ಅವನದೇ ‘ಹೂಂ’.

ಭಾನುವಾರ ಏಳು ಗಂಟೆಗೆ ಶಟರು ಎತ್ತಿದ. ಡ್ರೈವರಣ್ಣ ಆಗಲೇ ಕಾಂಪೌಂಡಿಗೆ ಒರಗಿದ್ದ. ಮಗಳು ಕಿವಿ ಮುಚ್ಚಿಕೊಂಡು ನಗುತ್ತಾ ಬಾಗಿಲಲ್ಲಿ ನಿಂತಿದ್ದಳು. ಅಳಿಯ ಒಳಗೆ ಕೂತು, ಕೀಲಿ ತೂರಿಸಿ, ಒಂದು ಕ್ಷಣ ಎರಡೂ ಕೈಯನ್ನು ಸ್ಟೇರಿಂಗಿನ ಮೇಲಿಟ್ಟ. ಯಜಮಾನರು ಹೊಸ ಬಟ್ಟೆಗೆ ಕತ್ತರಿ ಹಾಕುವ ಮೊದಲು ಹೀಗೇ ಬಟ್ಟೆಯ ಮೇಲೆ ಅಂಗೈ ಇಡುತ್ತಿದ್ದರು.

“ಇಳಿ ಕೆಳಗೆ!” ಎಂದು ಕಾರಿನ ಬಾಗಿಲಿಗೆ ಗುದ್ದಿದೆ. “ಹನ್ನೊಂದೇ ಇದೆ.”

“ಏನು ಹನ್ನೊಂದು ಅತ್ತೆ?”

“ಚಿಂದಿ. ನೀನು ನಾಲ್ಕು ಬಾಯಿಗೆ ತುರುಕಿ ಮೂರು ತೆಗೆದಿದ್ದೀಯ. ಬಿಚ್ಚು ಆ ಪೈಪನ್ನ.”

“ನಾನು ನೋಡಿದ್ದೀನಲ್ಲ...”

“ಬಿಚ್ಚು ಅಂದೆ.”

ಗೊಣಗುತ್ತಾ ಬಿಚ್ಚಿದ. ಬೆರಳು ಹಾಕಿದ. ನೀಲಿ ಗೀಟಿನ ತೋಳು ಮೆಲ್ಲಗೆ ಹೊರಬಂತು, ಗುಂಡಿಯ ಸಮೇತ. ಆ ಗುಂಡಿಗೆ ಕಾಜ ಹೊಲಿದವಳು ನಾನೇ.

ಅಳಿಯ ನೆಲದ ಮೇಲೆ ಕುಕ್ಕರಿಸಿದ. ಡ್ರೈವರಣ್ಣ ಕಾಂಪೌಂಡು ಬಿಟ್ಟು ಹತ್ತಿರ ಬಂದು ಪೈಪಿನೊಳಗೆ ಇಣುಕಿದ.

“ಯಾವಾಗ ಗೊತ್ತಾಯ್ತು ಅತ್ತೆ?”

“ನಿನ್ನೆ ಮಧ್ಯಾಹ್ನ.”

“ನಿನ್ನೆ ಯಾಕೆ ಹೇಳಲಿಲ್ಲ?”

“ಶುಕ್ರವಾರ ನಿನ್ನ ಚೀಟಿ ಓದಿದ್ದೆ. ಇಪ್ಪತ್ತೇಳನೇ ನಂಬರು.”

ಮಗಳ ಕೈ ಕಿವಿಯಿಂದ ಕೆಳಗಿಳಿಯಿತು. “ಏನು ಚೀಟಿ?” ಎಂದಳು. ಅಳಿಯ ಚಿಂದಿಯನ್ನು ಮಡಿಲಲ್ಲಿಟ್ಟುಕೊಂಡು ಅದರ ಗುಂಡಿ ತಿರುಗಿಸುತ್ತಾ ಕೂತ. ಆಮೇಲೆ ಅವನು ಒಂದೇ ಉಸಿರಿನಲ್ಲಿ ಆಡಿದಷ್ಟು ಮಾತು, ಅದಕ್ಕೆ ಮೊದಲೂ ಆಮೇಲೂ ನಾನು ಅವನ ಬಾಯಲ್ಲಿ ಕೇಳಿಲ್ಲ.

“ಒಂದೇ ಒಂದು ಸಲ ಅತ್ತೆ. ಪಕ್ಕದಲ್ಲಿ ಇನ್ನೊಂದು ಗಾಡಿ ಇರಲ್ಲ, ತಿರುವಿಲ್ಲ, ನೆಟ್ಟಗೆ ಒಂದು ಓಟ. ದಿನವಿಡೀ ಮೇಲೆ ಹೋಗ್ತೀನಿ, ಕೆಳಗೆ ಬರ್ತೀನಿ. ಒಂದು ಸಲ ಮುಂದಕ್ಕೆ ಹೋಗ್ಬೇಕು ಅನ್ನಿಸ್ತು. ಸೀಟು ತೆಗೆದಿದ್ದೂ ಅದಕ್ಕೇ. ನಿಮಗೆ ಸುಳ್ಳು ಹೇಳಿದೆ.”

“ನನಗೆ?” ಎಂದಳು ಮಗಳು.

“ನಿನಗೂ.”

ಅವನು ಪೈಪು ಬಿಗಿದು ಕೀಲಿ ತಿರುಗಿಸಿದ. ಇಂಜಿನ್ನು ಗುರ್ರೆಂದು ಎದ್ದಿತು, ಅದರ ಒಳಗಿನಿಂದ ಸಣ್ಣ ಶಿಳ್ಳೆಯಂಥ ಸದ್ದು. ಅವನು ಕಣ್ಣು ಮುಚ್ಚಿ ಕೇಳಿದ. ಗಡಿಯಾರ ಎಂಟೂವರೆ ತೋರಿಸುತ್ತಿತ್ತು, ಹೊರಟರೆ ಇನ್ನೂ ಸಮಯವಿತ್ತು. ನಾನು ಶಟರಿನ ಅಡಿಯಿಂದ ಕದಲಲಿಲ್ಲ. ಅವನು ಇಂಜಿನ್ನು ಆರಿಸಿ, ಕೀಲಿ ತಂದು ನನ್ನ ಗುಂಡಿ ಡಬ್ಬಿಯೊಂದಕ್ಕೆ ಹಾಕಿ, ಮುಚ್ಚಳ ಒತ್ತಿ, ನನ್ನ ಕಣ್ಣಿಗೆ ಬೀಳುವ ಹಾಗೆ ಕಪಾಟಿನ ಮೇಲಿಟ್ಟ. ಆಮೇಲೆ ಮಹಡಿ ಹತ್ತಿ ಸೀಟನ್ನು ಹೆಗಲ ಮೇಲೆ ಹೊತ್ತು ತಂದ. ನಾನು ಹಾಕಿದ್ದ ಷರತ್ತಿನ ಪ್ರಕಾರ ಗಾಡಿಯನ್ನು ಹೊರಗೆ ಹಾಕಬೇಕಾಗಲಿಲ್ಲ, ಅದು ರೇಸಿಗೆ ಹೋಗಲೇ ಇಲ್ಲವಲ್ಲ.

ಆಗಿನಿಂದ ದಿನಾ ಬೆಳಿಗ್ಗೆ ಆ ಡಬ್ಬಿಯನ್ನು ಒಮ್ಮೆ ಅಲ್ಲಾಡಿಸುತ್ತೇನೆ. ಕೀಲಿ ಟಣ್ ಅನ್ನುತ್ತದೆ. ಮನಸ್ಸಿಗೆ ಹಾಯೆನಿಸುತ್ತಿತ್ತು, ಮೊನ್ನೆ ಡ್ರೈವರಣ್ಣ ಬಾಯಿ ಬಿಡುವವರೆಗೆ.

“ಅಲ್ಲಾ ಅಕ್ಕಾ, ಇಂಥ ಗಾಡಿಗೆ ಕಂಪನಿಯವರು ಎರಡು ಕೀಲಿ ಕೊಡ್ತಾರಲ್ಲ?”